ಕೊನೆಯ ಪ್ಯಾರಾದಲ್ಲಿ ಸಿಕ್ಕ ಮಗು

ಅಂಗಳದಲ್ಲಿ ಟಕ್ ಎಂದಿತು. ಕೆಲಸದಿಂದ ಆಗಷ್ಟೇ ಬಂದು ಮಲಗಿದ್ದ ತಂಗಿ ಎದ್ದು ಪರದೆ ಸರಿಸಿದಳು. ಭಾವ ತನ್ನ ಶಾಲಾ ವ್ಯಾನಿನ ಬಾಗಿಲು ಎಳೆದುಕೊಂಡು, ಸ್ಟೀರಿಂಗ್ ಹಿಡಿದು ಕತ್ತಲಲ್ಲಿ ಕೂತಿದ್ದ. ಹೋಗಬೇಕಾದ ಊರೇನೂ ಇರಲಿಲ್ಲ. ಪತ್ರಿಕೆಯಲ್ಲಿ ಆ ಸುದ್ದಿ ಬಂದಂದಿನಿಂದ ಒಂದು ಮಗುವೂ ಆ ವ್ಯಾನ್ ಹತ್ತಿರಲಿಲ್ಲ.

ಶೀರ್ಷಿಕೆ ಇಷ್ಟೇ: ‘ಮಗು ನಾಪತ್ತೆ: ಶಾಲಾ ವ್ಯಾನ್ ಚಾಲಕನ ವಿಚಾರಣೆ.’

ಮಗು ಮನೆಯ ಗೇಟಿನ ಬಳಿ ಇಳಿದು, ನಾಯಿಮರಿ ನೋಡಲು ಅಜ್ಜಿಯ ಮನೆಗೆ ಹೋಗಿತ್ತು. ದಾರಿಯುದ್ದಕ್ಕೂ ಅದು ಆಡಿದ್ದ ನಾಯಿಮರಿಯ ಮಾತನ್ನು ನೆನಪಿಸಿಕೊಂಡು ಪೊಲೀಸರಿಗೆ ಹೇಳಿದವನೇ ಭಾವ. ಸಂಜೆಯೊಳಗೆ ಮಗು ಸಿಕ್ಕಿತು. ಅದೂ ಸುದ್ದಿಯಲ್ಲಿತ್ತು, ಕೊನೆಯ ಪ್ಯಾರಾದಲ್ಲಿ. ಚಾಲಕನ ಹೆಸರು ಹಾಕಿರಲಿಲ್ಲ. ಪಕ್ಕದ ಫೋಟೋದಲ್ಲಿ ಹಸಿರು ಬಾಗಿಲಿನ ವ್ಯಾನ್ ಇತ್ತು. ಬೀದಿಗೆ ಅಷ್ಟು ಸಾಕಾಯಿತು.

ಬೆಳಿಗ್ಗೆ ಅಕ್ಕ ಲೋಟ ಕುಕ್ಕಿದಳು. “ಅಂಗಡಿಯವನು ನನ್ನ ಮುಖಾನೇ ನೋಡಲ್ಲ ಕಣೇ. ಮೊನ್ನೆವರೆಗೂ ಅಕ್ಕಾ ಅಕ್ಕಾ ಅಂತ ಬಾಯ್ತುಂಬ ಕರೀತಿದ್ದ.”

“ಅವನಿಗೆ ಓದೋಕೆ ಬರುತ್ತಾ?” ಭಾವ ನಗಲು ನೋಡಿದ.

“ದಪ್ಪಕ್ಷರ ಬರುತ್ತಲ್ಲ!” ಅಕ್ಕ ತಂಗಿಯತ್ತ ತಿರುಗಿದಳು. “ನಿನಗೆ ಗೊತ್ತಿರೋರನ್ನ ವಿಚಾರಿಸೇ, ಬರೆದವನು ಯಾರು ಅಂತ. ಅವನ ಜನ್ಮ ಜಾಲಾಡ್ತೀನಿ.”

“ಮೊದಲು ವಕೀಲರ ಹತ್ರ ಹೋಗ್ತೀನಿ ಅಕ್ಕ. ಮಾನನಷ್ಟದ ಕೇಸ್ ಆಗುತ್ತಾ ಕೇಳ್ತೀನಿ.”

“ನಾನೂ ಬರ್ತೀನಿ.”

“ಬೇಡ. ನೀನಲ್ಲಿ ಅತ್ತುಬಿಡ್ತೀಯ.”

ವಕೀಲರು ಸುದ್ದಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

“ಇದರಲ್ಲಿ ಸುಳ್ಳು ಎಲ್ಲಿದೆ, ತೋರಿಸಿ.”

“ಶೀರ್ಷಿಕೆ...”

“ಮಗು ಕಾಣೆಯಾಗಿದ್ದು ನಿಜ. ಪೊಲೀಸರು ಅವರನ್ನ ಕೇಳಿದ್ದೂ ನಿಜ. ಕೋರ್ಟು ಶೀರ್ಷಿಕೆ ಒಂದನ್ನೇ ಕಿತ್ತು ನೋಡಲ್ಲಮ್ಮ. ಕೊನೇವರೆಗೂ ಓದುತ್ತೆ.”

“ಜನ ಓದಲ್ಲ.”

“ಓದದೇ ಇರೋರ ಮೇಲೆ ಕೇಸ್ ಹಾಕೋಕಾಗುತ್ತಾ?”

“ಹಾಗಾದ್ರೆ ಬರೆದವರಿಗೆ ಏನೂ ಆಗಲ್ವಾ?”

“ಒಂದು ಕೂದಲೂ ಕೊಂಕಲ್ಲ.”

ಅವಳು ಹಿಡಿದಿದ್ದ ಉಸಿರು ಬಿಟ್ಟಳು. ಮರುಕ್ಷಣ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ವಕೀಲರು ನೀರಿನ ಲೋಟ ಮುಂದೆ ತಳ್ಳಿದರು. “ಭಾವನಿಗೋಸ್ಕರ ಇಷ್ಟು ಸಂಕಟಪಡೋ ನಾದಿನಿ ಈ ಕಾಲದಲ್ಲಿ ಅಪರೂಪ.”

ಸಂಜೆ ವಿಷಯ ತಿಳಿದು ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವ ಮಾತ್ರ ತಲೆಯಾಡಿಸಿದ.

“ಹೋಗ್ಲಿ ಬಿಡು ಪುಟ್ಟಿ. ಬರೆದವನಿಗೂ ಹೊಟ್ಟೆಪಾಡು. ಒಂದು ಸಲ ನನ್ನ ಮುಖ ನೋಡಿದ್ದಿದ್ರೆ ಬರೀತಿರ್ಲಿಲ್ವೇನೋ.”

ಅವಳು ಬಗ್ಗಿ ಚಪ್ಪಲಿ ಹುಡುಕತೊಡಗಿದಳು. ಚಪ್ಪಲಿ ಕಾಲ ಬಳಿಯೇ ಇತ್ತು.

“ಕೆಲಸಕ್ಕೆ ಹೊತ್ತಾಯ್ತು ಭಾವ.”

“ಬಾ, ಬಿಟ್ಟು ಬರ್ತೀನಿ. ವ್ಯಾನ್ ಹೇಗೂ ಖಾಲಿ.”

“ಬೇಡ ಭಾವ, ನಡ್ಕೊಂಡು ಹೋಗ್ತೀನಿ.”

ದಾರಿಯಲ್ಲಿ ಅವಳು ಮಾತನ್ನು ಜೋಡಿಸಿಕೊಂಡಳು, ಕೆಡವಿದಳು, ಮತ್ತೆ ಜೋಡಿಸಿದಳು. ಹೇಳಿದರೆ ಆ ಮನೆಯಲ್ಲಿ ಇರುವ ಹಾಗಿಲ್ಲ. ಹೇಳದಿದ್ದರೆ ದಿನವೂ ಆ ಮುಖದೆದುರು ಉಣ್ಣಬೇಕು.

ಮೆಟ್ಟಿಲು ಹತ್ತಿ ತನ್ನ ಮೇಜಿನ ಬಳಿ ಬರುವುದರೊಳಗೆ ಮುಖ್ಯಸ್ಥರು ಆಚೆಯಿಂದ ಕೂಗಿದರು. “ಬಂದೆಯಾ? ಮುಖಪುಟಕ್ಕೆ ಇವತ್ತೂ ಅಂಥದ್ದೇ ಒಂದು ಶೀರ್ಷಿಕೆ ಕೊಡಮ್ಮ. ಮೊನ್ನೆ ವ್ಯಾನ್ ಚಾಲಕಂದು ಕೊಟ್ಟೆಯಲ್ಲ, ಅಂಥದ್ದು.”

ಅವಳು ಅಲ್ಲಿ ಬರೀ ಅಕ್ಷರದೋಷ ತಿದ್ದುತ್ತಾಳೆಂದೇ ಮನೆಯವರು ತಿಳಿದಿದ್ದರು. ಅಂದು ಅವಳು ಶೀರ್ಷಿಕೆಗೆ ಎರಡು ಸಾಲು ಬರೆದಿದ್ದಳು. ಕೆಳಗಿನದು: ‘ಚಾಲಕನ ಸುಳಿವಿನಿಂದಲೇ ಅಜ್ಜಿ ಮನೆಯಲ್ಲಿ ಪತ್ತೆ.’ ಕೊನೆ ಗಳಿಗೆಯಲ್ಲಿ ಜಾಹೀರಾತೊಂದು ಬಂತು. ಒಂದು ಸಾಲು ತೆಗೆಯಬೇಕಾಯಿತು. ಯಾವುದನ್ನು ಓದಿದರೆ ಜನ ಪತ್ರಿಕೆ ಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಆ ಚಾಲಕ ಯಾರೆಂದು ಮಾತ್ರ ಆಗ ಗೊತ್ತಿರಲಿಲ್ಲ; ಹಸಿರು ಬಾಗಿಲಿನ ಫೋಟೋ ಪುಟಕ್ಕೆ ಬಂದು ಕೂರುವಷ್ಟರಲ್ಲಿ ಅವಳು ಮನೆಗೆ ಹೊರಟಾಗಿತ್ತು.

“ಕೊಡ್ತೀನಿ ಸರ್,” ಎಂದಳು. ಯಾರಿಗೂ ಹೇಳುವುದು ಬೇಡವೆಂದು ಅದೇ ಕ್ಷಣ ನಿರ್ಧರಿಸಿದಳು.