ಎದ್ದು ಬರುವ ಹಾಡು

ಚಿತ್ಕಲಾ ತಾನೇ ಬರೆದು ಹಾಡಿದ ಹಾಡನ್ನು, ಆನ್‌ಲೈನಿನಲ್ಲಿ ಹೊಸಬರ ಹಾಡು ಆರಿಸಿ ಪ್ಲೇಲಿಸ್ಟ್ ಮಾಡುವ ಹದಿನೇಳು ಮಂದಿಗೆ ಕಳಿಸಿದ್ದಳು. ಹದಿನಾರು ಮಂದಿ ಉತ್ತರಿಸಲೇ ಇಲ್ಲ. ಹದಿನೇಳನೆಯವನು ಬರೆದ: 'ಮೊದಲ ಹತ್ತು ಸೆಕೆಂಡಿನಲ್ಲೇ ಜನ ಎದ್ದು ಬರಬೇಕು. ನಿಮ್ಮ ಹಾಡಿಗೆ ಆ ಸೆಳೆತ ಇಲ್ಲ.'

ಸಿಟ್ಟಿಗೆ ಅವಳು ಹಾಡನ್ನು ಸಿಕ್ಕ ಸಿಕ್ಕ ವಾಟ್ಸಾಪ್ ಗ್ರೂಪಿಗೆಲ್ಲ ಹಾಕಿದಳು. ನಲ್ಲಿ ನೀರು ಬರುವ ಹೊತ್ತು ತಿಳಿಸುವ ತವರೂರಿನ ವಾರ್ಡ್ ಗ್ರೂಪನ್ನೂ ಬಿಡಲಿಲ್ಲ. ಇನ್ನು ಹಾಡುವುದೇ ಬೇಡ ಅಂದುಕೊಂಡ ದಿನ ಆ ಊರಿಂದ ಫೋನ್ ಬಂತು.

"ಮೇಡಂ, ನಾನು ಪುಟ್ಟಲಿಂಗು. ವಾರ್ಡ್ ಗ್ರೂಪಲ್ಲಿ ನಿಮ್ಮ ಹಾಡು ಸಿಕ್ತು. ಹದಿನೈದು ದಿನದಿಂದ ದಿನಾ ಬೆಳಿಗ್ಗೆ ಹಾಕ್ತಿದೀನಿ."

"ಜನ ಕೇಳ್ತಾರಾ?"

"ಏನಂತ ಕೇಳ್ತೀರಾ ಮೇಡಂ! ಹತ್ತು ಸೆಕೆಂಡ್ ಸಾಕು, ಬೀದಿಗೆ ಬೀದೀನೇ ಆಚೆ ಬರುತ್ತೆ. ಕಾಫಿ ಅರ್ಧಕ್ಕೇ ಬಿಟ್ಟು ಬರ್ತಾರೆ. ತಪ್ಪಿಸಿಕೊಂಡವರು ಮುಂದಿನ ಕ್ರಾಸ್‌ವರೆಗೂ ಹಾಡಿನ ಹಿಂದೆ ಓಡ್ತಾರೆ."

ಹದಿನೇಳನೆಯವನಿಗೆ ಕಳಿಸಲೆಂದೇ ಅವಳು ಕರೆಯನ್ನು ರೆಕಾರ್ಡಿಗೆ ಹಾಕಿದಳು.

"ಇನ್ನೊಂದು ಸಲ ಹೇಳಿ. ಎಲ್ಲರೂ ಬರ್ತಾರಾ?"

"ಒಬ್ಬರೂ ಬಿಡಲ್ಲ ಮೇಡಂ. ಹಳೇ ಹಾಡಿಗೆ ಯಾರೂ ಕದಲ್ತಿರಲಿಲ್ಲ."

"ನನ್ನಿಂದ ಏನಾಗಬೇಕು ಹೇಳಿ, ಮಾಡಿಕೊಡ್ತೀನಿ."

"ದೊಡ್ಡದೇನಿಲ್ಲ. ಹಾಡಿನ ಕೊನೆಗೆ ನಿಮ್ಮ ದನಿಯಲ್ಲೇ ಒಂದು ಮಾತು ಸೇರಿಸಿ ಕೊಡಿ: ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ಗಾಡಿಗೆ ಹಾಕಿ."