ಫಿಲೋಮಿನಕ್ಕನ ಪಾಲು

ನಮ್ಮ ಗಾರ್ಮೆಂಟ್ಸಿನಲ್ಲಿ ಮಂಗಳವಾರ ತಂಡದ ತರಬೇತಿ. ಎಲ್ಲರೂ ಕೈ ಹಿಡಿದು ಕೂತರೆ ಒಬ್ಬರ ಸಂಕಟ ಅವರಲ್ಲಿ ಚೂರೂ ಉಳಿಯದೆ ಮಿಕ್ಕವರಿಗೆ ಹಂಚಿಹೋಗುತ್ತದೆ.

ಹೋದ ವಾರ ಅಂಗಿ ಮಡಚಿ ಪ್ಯಾಕ್ ಮಾಡುವ ಫಿಲೋಮಿನಕ್ಕನ ಸರದಿ. ಅವರ ಮಗ ತೀರಿಕೊಂಡಿದ್ದ. ನಾವೆಲ್ಲ ಬಿಕ್ಕಿ ಬಿಕ್ಕಿ ಅತ್ತೆವು. ಅಕ್ಕ ಮಾತ್ರ ಎದ್ದು ಹೋಗಿ ಕೆಲಸ ಶುರು ಮಾಡಿದರು.

"ತಂಡ ಅಂದ್ರೆ ಇದು!" ಎಂದು ತರಬೇತಿಯ ಮೇಡಂ ಚಪ್ಪಾಳೆ ತಟ್ಟಿದರು.

ಇವತ್ತು ಊಟದ ಹೊತ್ತಿಗೆ ಅಕ್ಕ ನನ್ನ ಪಕ್ಕ ಬಂದು ಕೂತರು.

"ಶೈಲಾ, ನಿನ್ನ ಪಾಲಿಗೆ ಬಂದ ನನ್ನ ಸಂಕಟ ವಾಪಸ್ ಕೊಡ್ತೀಯೇನೇ? ನಿನ್ನೆ ಮನೇಲಿ ಮಗನ ಅಂಗಿ ಮಡಚಿಟ್ಟೆ. ಇಲ್ಲಿ ಮಡಚೋ ಅಂಗಿ ಥರಾನೇ ಅನಿಸ್ತು, ಅಳುನೇ ಬರಲಿಲ್ಲ."

"ವಾಪಸ್ ಕೊಡೋಕೆ ಬರಲ್ಲಕ್ಕ."

ಅಕ್ಕ ಡಬ್ಬಿಯ ಮುಚ್ಚಳ ಹಾಕಿದರು.

"ಹಾಗಾದ್ರೆ ನೀನಾದ್ರೂ ಸ್ವಲ್ಪ ಅಳೇ. ನಾನು ನೋಡ್ತಾ ಕೂತಿರ್ತೀನಿ."