ಪಕ್ಕದಿಂದ ಬೆಳಕು

“ಇನ್ನೂ ಸ್ವಲ್ಪ ಅಗಲಕ್ಕೆ ಬಾಯಿ ತೆಗೀರಿ,” ಎಂದು ಕ್ಯಾಮೆರಾದ ಹಿಂದಿನಿಂದ ಸೊಸೆ ಅಂದದ್ದೇ ತಡ, ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಫೋಟೋ ಬೆಳಕಿನ ಕಾರ್ಯಾಗಾರಕ್ಕೆ ಬಂದಿದ್ದ ಉಳಿದ ಏಳು ಜನ ಗೊಳ್ಳೆಂದು ನಕ್ಕರು. ಸೊಸೆಯ ಕಿವಿ ಕೆಂಪಾಯಿತು. ಅವಳು ಹದಿನಾರು ವರ್ಷಗಳಿಂದ ಹಲ್ಲಿನ ಡಾಕ್ಟರು. ಎದುರಿಗೆ ಯಾರಾದರೂ ಕೂತು ಮೇಲೊಂದು ದೀಪ ಉರಿದರೆ ಅವಳ ನಾಲಿಗೆಗೆ ಬೇರೆ ಮಾತೇ ಹೊಳೆಯುವುದಿಲ್ಲ.

ದೀಪವನ್ನೂ ಅವಳು ಕ್ಲಿನಿಕ್ಕಿನಲ್ಲಿ ಇಡುವ ಹಾಗೆಯೇ ಇಟ್ಟಿದ್ದಳು: ಎದುರಿಗೆ, ಎತ್ತರದಲ್ಲಿ, ನೇರ ಬಾಯಿಗೆ. ಬೆಳಗ್ಗೆ ಜೊತೆಯವರದ್ದು ತೆಗೆದಾಗಲೂ ಅದೇ ಕಥೆ. ಗೋಡೆಯ ಮೇಲಿನ ಪರದೆಯಲ್ಲಿ ಆ ಫೋಟೋಗಳನ್ನು ನೋಡಿ ಫೋಟೋ ಮೇಷ್ಟ್ರು ತಲೆ ಕೆರೆದುಕೊಂಡಿದ್ದರು. “ಡಾಕ್ಟ್ರೇ, ಇದರಲ್ಲಿ ಹಲ್ಲು ಎಣಿಸಬಹುದು. ಆಸಾಮಿ ಯಾರು ಅಂತ ಮಾತ್ರ ಗೊತ್ತಾಗ್ತಿಲ್ಲ.”

ಮಧ್ಯಾಹ್ನದ ಪಾಠಕ್ಕೆ ಮನೆಯವರೊಬ್ಬರನ್ನು ಕರೆತರಬೇಕಿತ್ತು. ಗಂಡ ತಲೆ ಬಾಚಿಕೊಂಡು ತಯಾರಾಗಿದ್ದ; ಅವನನ್ನು ಬಿಟ್ಟು ಅವಳು ಅತ್ತೆಯನ್ನೇ ಹೊರಡಿಸಿದ್ದಳು. ಕಾರಣವಿತ್ತು. ಹೋದ ವಾರ ಮಗಳು ಶಾಲೆಯಲ್ಲಿ ಮನೆಯವರ ಚಿತ್ರ ಬರೆದಿದ್ದಳು. ಎಲ್ಲರಿಗೂ ಬಾಯಿ ಇತ್ತು, ಅಜ್ಜಿಗೆ ಮಾತ್ರ ಬಾಯಿಯ ಜಾಗದಲ್ಲಿ ಐದು ಬೆರಳು. ಮಗುವಿನದೇನೂ ತಪ್ಪಿಲ್ಲ. ಮನೆಯ ಆಲ್ಬಮ್ಮುಗಳನ್ನು ಮೊದಲಿಂದ ಕೊನೆಯವರೆಗೆ ತಿರುವಿದರೂ ಅತ್ತೆಯ ಮುಖ ಕಣ್ಣಿಂದ ಮೂಗಿನವರೆಗೆ ಮಾತ್ರ ಸಿಗುತ್ತದೆ, ಆಮೇಲೆ ಕೈ. ಕೈಯಿಲ್ಲದ ಒಂದೇ ಒಂದು ಫೋಟೋ ತೆಗೆದೇ ತೀರಬೇಕೆಂದು ಸೊಸೆ ಅವತ್ತೇ ಹಟ ತೊಟ್ಟಿದ್ದಳು.

ಅತ್ತೆ ನಲವತ್ತು ವರ್ಷ ಬಟ್ಟೆ ಹೊಲಿದವರು. ಕತ್ತರಿ ಕೈಯಳತೆಯಲ್ಲೇ ಇದ್ದರೂ ದಾರವನ್ನು ಹಲ್ಲಿನಲ್ಲೇ ಕಡಿಯುವ ಅಭ್ಯಾಸ. ಕಡಿದೂ ಕಡಿದೂ ಮೇಲಿನ ಸಾಲಿನ ಮುಂದಿನ ಹಲ್ಲಿನಲ್ಲೊಂದು ಕಚ್ಚು ಬಿದ್ದಿತ್ತು. “ಅರ್ಧ ಗಂಟೆ ಕೆಲಸ ಅತ್ತೆ, ಸರಿಮಾಡಿಬಿಡ್ತೀನಿ,” ಎಂದು ಸೊಸೆ ಎಷ್ಟು ಸಲ ಗೋಗರೆದರೂ ಅವರದು ಒಂದೇ ಉತ್ತರ: “ಸೊಸೆ ಮುಂದೆ ಬಾಯಿ ತೆರ್ಕೊಂಡು ಮಲಗೋದಾ? ನನ್ನ ಕೈಲಾಗಲ್ಲಮ್ಮ.” ಹಿತ್ತಲ ಗಿಡ ಮದ್ದಲ್ಲ ಎಂದು ಸೊಸೆಯೂ ಸುಮ್ಮನಾಗಿದ್ದಳು.

“ನಿಮ್ಮ ಸರದಿ ಮುಗಿಯೋಕೆ ಇನ್ನು ಐದೇ ನಿಮಿಷ,” ಎಂದರು ಮೇಷ್ಟ್ರು.

ಅತ್ತೆ ಕಣ್ಣು ಕಿರಿದು ಮಾಡಿ ದೀಪವನ್ನು ನೋಡಿದರು. ಕೈ ಬಾಯಿಯ ಮೇಲೇ ಇತ್ತು, ಮಾತು ಬೆರಳ ಸಂದಿಯಿಂದ ಬಂತು. “ಇದೇನೇ ಇದು, ದೀಪಾನ ಮೂತಿಗೇ ಹಿಡಿದಿದ್ದೀಯಲ್ಲ! ಸೂಜಿಗೆ ದಾರ ಪೋಣಿಸೋಳು ಹಿಂಗೆ ಬೆಳಕನ್ನ ಕಣ್ಣಿಗೆ ಹೊಡೆಸ್ಕೊಂಡು ಕೂರ್ತಾಳಾ? ಪಕ್ಕಕ್ಕೆ ತಗೊಂಡು ಹೋಗು. ಎಡಗಡೆ. ಇನ್ನೂ ಸ್ವಲ್ಪ. ಹಾಂ, ಕೆಳಗಿಳಿಸು. ಮತ್ತೆ ನಿನ್ನ ತೋಳಲ್ಲಿ ಅದೇನು ದಾರ ನೇತಾಡ್ತಿದೆ?”

“ದಾರ ಆಮೇಲೆ ನೋಡೋಣ ಅತ್ತೆ. ಈಗ ನಿಮ್ಮ ಬಲಗೆನ್ನೆ ಕತ್ತಲಾಯ್ತಲ್ಲ.”

“ಕಪ್ಪು ಬಟ್ಟೆ ಹೊಲಿಯುವಾಗ ನಾನೇನು ಮಾಡ್ತಿದ್ದೆ? ಮಡಿಲಿಗೆ ಬಿಳಿ ಬಟ್ಟೆ ಹಾಸ್ಕೊತಿದ್ದೆ. ಬೆಳಕು ಅದಕ್ಕೆ ಬಡಿದು ಮೇಲಕ್ಕೆ ಬರುತ್ತೆ. ಗೋಡೆಗೆ ಒರಗಿಸಿದ್ದಾರಲ್ಲ, ಆ ಬಿಳೀ ಹಲಗೆ ಕೊಡು ಇಲ್ಲಿ.”

“ಇದು ನನ್ನ ನಾಳೆಯ ಪಾಠ ಕಣ್ರೀ!” ಎಂದರು ಮೇಷ್ಟ್ರು. ಏಳು ಜನರೂ ನೋಟ್‌ಬುಕ್ ತೆರೆದು ಬರೆದುಕೊಳ್ಳತೊಡಗಿದರು.

ಥರ್ಮೋಕೋಲ್ ಹಲಗೆ ಹಗುರವಾಗಿದ್ದರೂ ಬಾಗಿಲಿನಷ್ಟು ಅಗಲವಿತ್ತು. ಅತ್ತೆ ಅದನ್ನು ಮಡಿಲ ಮೇಲೆ ಓರೆಯಾಗಿಟ್ಟು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡರು. ಕತ್ತಲಾಗಿದ್ದ ಕೆನ್ನೆ ಮೆಲ್ಲಗೆ ಬೆಳಗಿತು. ಎರಡೂ ಕೈ! ಸೊಸೆ ತಟ್ಟನೆ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದಳು. ಆದರೆ ಅತ್ತೆಯ ತುಟಿಗಳು ಇನ್ನೂ ಹೊಲಿಗೆ ಹಾಕಿದಂತೆ ಮುಚ್ಚಿದ್ದವು. ಸೊಸೆ ಗುಂಡಿಯ ಮೇಲೆ ಬೆರಳಿಟ್ಟಳು; ಹಾಳು ನಾಲಿಗೆ ಮತ್ತೆ ತನ್ನ ಬುದ್ಧಿ ತೋರಿಸಿತು.

“ಒಂಚೂರೂ ನೋವಾಗಲ್ಲ ಅತ್ತೆ.”

ಅತ್ತೆಗೆ ನಗು ತಡೆಯಲಾಗಲಿಲ್ಲ. ಭುಜ ಕುಲುಕಿತು, ಹಲಗೆ ಅಲುಗಿತು. ಕೈ ಎತ್ತಿದರೆ ಹಲಗೆ ಬೀಳುತ್ತದೆ, ಎತ್ತದಿದ್ದರೆ ಹಲ್ಲು ಕಾಣುತ್ತದೆ. ಹಲಗೆಯನ್ನು ಬಿಡಲಾರದೆ ಅವರು ಬಾಯ್ತುಂಬ ನಕ್ಕುಬಿಟ್ಟರು. ಸೊಸೆ ಗುಂಡಿ ಒತ್ತಿದಳು.

ಪರದೆಯ ಮೇಲೆ ಆ ಮುಖ ಮೂಡಿದಾಗ ಯಾರೂ ನಗಲಿಲ್ಲ. ಕಣ್ಣಿನ ಸುತ್ತಲ ಸುಕ್ಕು, ಕೆನ್ನೆಯ ಗುಳಿ, ಹಲ್ಲಿನ ಕಚ್ಚು, ಎಲ್ಲ ಸೇರಿ ಒಂದೇ ನಗುವಾಗಿತ್ತು. ಅತ್ತೆಗೆ ಗುಳಿ ಬೀಳುತ್ತದೆ ಎಂದು ಸೊಸೆಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅವಳಿಗೆ ಅಲ್ಲೇ ಕುಣಿಯಬೇಕೆನಿಸಿತು.

“ಭೇಷ್!” ಎಂದರು ಮೇಷ್ಟ್ರು. “ಮುಂದಿನ ಹಲ್ಲಿನಲ್ಲಿ ಸಣ್ಣ ಕಚ್ಚು ಇದೆ, ಅಷ್ಟೆ. ಕಂಪ್ಯೂಟರಿನಲ್ಲಿ ಎರಡೇ ನಿಮಿಷ, ತೆಗೆದುಬಿಡ್ಲಾ?”

ಹಲಗೆ ಕೆಳಗಿಟ್ಟ ಅತ್ತೆಯ ಕೈ ತಾನಾಗಿ ಬಾಯಿಯತ್ತ ಹೊರಟಿತು. “ಡಾಕ್ಟ್ರು ಏನಂತಾರೆ?” ಎಂದು ಸೊಸೆಯ ಮುಖ ನೋಡಿದರು.

“ಚೆನ್ನಾಗಿರೋ ಹಲ್ಲನ್ನ ನಾವು ಮುಟ್ಟಲ್ಲ,” ಎಂದಳು ಸೊಸೆ.

ಕೈ ಅರ್ಧ ದಾರಿಯಲ್ಲೇ ನಿಂತಿತು. ಅತ್ತೆ ಅದೇ ಕೈ ಚಾಚಿ ಸೊಸೆಯ ತೋಳನ್ನು ದೀಪದ ಕೆಳಗೆ ಎಳೆದುಕೊಂಡರು. ಅಲ್ಲಿ ನೇತಾಡುತ್ತಿದ್ದ ದಾರವನ್ನು, ಎಲ್ಲರೂ ನೋಡುತ್ತಿದ್ದಂತೆ, ಪಟ್ಟನೆ ಹಲ್ಲಿನಿಂದ ಕಡಿದರು.